ಮೂರು ಸಲ ಓದಿದರೂ ಒಲಿಯದ ‘ಯುಕಿಗುನಿ’

ಜಪಾನಿನ ಯಸುನಾರಿ ಕವಾಬಾತ ಅವರ ‘ಯುಕಿಗುನಿ’ (ಹಿಮನಾಡು) ಕಾದಂಬರಿಯನ್ನು ಇಪ್ಪತ್ತು ವರ್ಷಗಳಲ್ಲಿ ನಾನು ಮೂರು ಸಲ ಓದಿದ್ದೇನೆ. ಮೂರು ಸಲವೂ ಕೊನೆಯ ಪುಟ ಮುಗಿಸಿ ಪುಸ್ತಕವನ್ನು ಮಡಿಚಿಟ್ಟಾಗ, ಓದಲು ಕೂರುವ ಮೊದಲು ಮನಸ್ಸು ಹೇಗಿತ್ತೋ ಹಾಗೆಯೇ ಇತ್ತು. ಬೇಸರವಾಗಲಿಲ್ಲ, ಸಿಟ್ಟು ಬರಲಿಲ್ಲ, ಅರ್ಥವಾಗದೆ ಉಳಿದದ್ದೂ ಹೆಚ್ಚಿಲ್ಲ. ಮನಸ್ಸು ಅಲುಗಲಿಲ್ಲ, ಅಷ್ಟೆ. ಜಗತ್ತಿನ ಎಷ್ಟೋ ಭಾಷೆಗಳ ಓದುಗರು ಎದೆಗೆ ಅವುಚಿಕೊಂಡಿರುವ ಪುಸ್ತಕವೊಂದು ತನಗೆ ಮಾತ್ರ ಒಲಿಯದೆ ಹೋದಾಗ ಓದುಗನಿಗೆ ಆಗುವ ಒಂಟಿತನ ಸಣ್ಣದೇ ಇರಬಹುದು, ಆದರೆ ಅದು ಬಹಳ ಕಾಲ ಒಳಗೇ ಉಳಿಯುತ್ತದೆ.

ಮೊದಲ ಸಲ ಈ ಪುಸ್ತಕವನ್ನು ನನ್ನ ಕೈಗಿಟ್ಟವರು ನನಗೆ ಸಾಹಿತ್ಯದ ರುಚಿ ಹತ್ತಿಸಿದ ಮೇಷ್ಟ್ರು. ಎಡ್ವರ್ಡ್ ಸೈಡೆನ್‌ಸ್ಟಿಕರ್ 1956ರಲ್ಲಿ ಹೊರತಂದ ಇಂಗ್ಲಿಷ್ ಅನುವಾದದ ಪ್ರತಿ ಅದು. ಅಂಚು ಹಳದಿಯಾಗಿತ್ತು, ಬೆನ್ನಿಗೆ ಖಾಕಿ ಕಾಗದ ಅಂಟಿಸಿದ್ದರು. “ಅವಸರ ಮಾಡಬೇಡ, ದಿನಕ್ಕೆ ಹತ್ತು ಪುಟಕ್ಕಿಂತ ಹೆಚ್ಚು ಓದಬೇಡ” ಎಂದು ಹೇಳಿ ಕೊಟ್ಟರು. ಹಾಗೆ ಹೇಳುವಾಗ ಅವರ ದನಿ ಸ್ವಲ್ಪ ನಡುಗಿದ್ದು ನನಗೆ ಇಂದಿಗೂ ನೆನಪಿದೆ. ನಾನು ಅವರು ಹೇಳಿದಂತೆಯೇ ಓದಿದೆ. ಹಿಂದಿರುಗಿಸುವಾಗ “ತುಂಬಾ ಚೆನ್ನಾಗಿದೆ ಸರ್” ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಏನೂ ಹೇಳದೆ ಪುಸ್ತಕವನ್ನು ಬೀರುವಿನಲ್ಲಿಟ್ಟರು. ಆ ಸುಳ್ಳಿನ ಋಣವನ್ನು ತೀರಿಸುವುದಕ್ಕಾಗಿಯೇ ನಾನು ಎರಡನೆಯ ಸಲವೂ ಮೂರನೆಯ ಸಲವೂ ಅದನ್ನು ಓದಿದೆ ಎಂದು ಈಗ ಅನ್ನಿಸುತ್ತದೆ.

ಕಥೆ ಎನ್ನುವಂಥದ್ದು ಇದರಲ್ಲಿ ಕಡಿಮೆ. ತೋಕ್ಯೋದ ಶಿಮಾಮುರ ಪಿತ್ರಾರ್ಜಿತದ ಮೇಲೆ ಬದುಕುವ, ದುಡಿಯಬೇಕಾದ ಅಗತ್ಯವೇ ಇಲ್ಲದ ಮನುಷ್ಯ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಪಾಶ್ಚಾತ್ಯ ಬ್ಯಾಲೆ ನೃತ್ಯದ ಬಗ್ಗೆ ಲೇಖನ ಬರೆಯುತ್ತಾನೆ, ಆದರೆ ಒಂದೇ ಒಂದು ಬ್ಯಾಲೆಯನ್ನೂ ಕಣ್ಣಾರೆ ಕಂಡಿಲ್ಲ. ಬೆಟ್ಟದ ನಡುವಿನ ಬಿಸಿನೀರ ಬುಗ್ಗೆಯ ಊರೊಂದಕ್ಕೆ ಅವನು ಮೂರು ಸಲ ಹೋಗುತ್ತಾನೆ, ಒಮ್ಮೆ ಚಿಗುರಿನ ಕಾಲದಲ್ಲಿ, ಒಮ್ಮೆ ಹಿಮದಲ್ಲಿ, ಒಮ್ಮೆ ಶರತ್ಕಾಲದಲ್ಲಿ. ಅಲ್ಲಿ ಕೊಮಾಕೊ ಎಂಬ ಹುಡುಗಿಯ ಸ್ನೇಹವಾಗುತ್ತದೆ. ಮೊದಲು ಕಂಡಾಗ ಅವಳಿಗೆ ಹತ್ತೊಂಬತ್ತು, ಇನ್ನೂ ಗೇಯ್ಶಾ, ಅಂದರೆ ಹಾಡು ಕುಣಿತಗಳಿಂದ ಅತಿಥಿಗಳನ್ನು ರಂಜಿಸುವ ವೃತ್ತಿಯವಳು, ಆಗಿಲ್ಲ. ಎರಡನೆಯ ಸಲ ಬರುವಷ್ಟರಲ್ಲಿ ಆಗಿದ್ದಾಳೆ. ಅವಳು ಅವನನ್ನು ಪ್ರೀತಿಸುತ್ತಾಳೆ, ಅವನು ಆ ಪ್ರೀತಿಯನ್ನು ನೋಡುತ್ತಾನೆ. ಯೋಕೊ ಎಂಬ ಇನ್ನೊಬ್ಬ ಹುಡುಗಿಯ ದನಿಯಲ್ಲಿರುವ ದುಃಖ ಅವನನ್ನು ಸೆಳೆಯುತ್ತದೆ. ಕೊನೆಯಲ್ಲೊಂದು ಬೆಂಕಿ ಅನಾಹುತವಾಗುತ್ತದೆ.

ಊರಿನ ಹೆಸರನ್ನು ಕವಾಬಾತ ಎಲ್ಲೂ ಹೇಳುವುದಿಲ್ಲ. ಆದರೆ ಅದು ನೀಗಾತ ಪ್ರಾಂತ್ಯದ ಯುಜಾವಾ ಎಂಬುದು ಎಲ್ಲರಿಗೂ ಗೊತ್ತು. ಅವರು 1934ರಿಂದ ಅಲ್ಲಿನ ತಕಾಹಾನ್ ಎಂಬ ವಸತಿಗೃಹದಲ್ಲಿ ಉಳಿದು ಬರೆದರು. ಸೈಬೀರಿಯಾದ ಕಡೆಯಿಂದ ಬೀಸುವ ಚಳಿಗಾಳಿ ಜಪಾನ್ ಸಮುದ್ರದ ಮೇಲೆ ತೇವವನ್ನು ಹೀರಿಕೊಂಡು ಬಂದು, ಅಡ್ಡ ನಿಂತ ಬೆಟ್ಟಗಳಿಗೆ ತಾಗಿ ತನ್ನ ಹೊರೆಯನ್ನೆಲ್ಲ ಅಲ್ಲೇ ಇಳಿಸುತ್ತದೆ. ನಮ್ಮ ಮುಂಗಾರಿನ ಗಾಳಿ ಘಟ್ಟಕ್ಕೆ ತಾಗಿ ಆಗುಂಬೆಯಲ್ಲಿ ಸುರಿಯುವ ಬಗೆಯೇ ಅದು, ಮಳೆಯ ಬದಲಿಗೆ ಹಿಮ. ಬೆಟ್ಟದ ಆ ಕಡೆ ಬಿಸಿಲಿದ್ದರೆ ಈ ಕಡೆ ಆಳೆತ್ತರದ ಹಿಮ. ಬೆಟ್ಟವನ್ನು ಕೊರೆದು ಹಾಕಿದ ಶಿಮಿಜು ಸುರಂಗದಲ್ಲಿ 1931ರಲ್ಲಿ ರೈಲು ಓಡತೊಡಗಿದ ಮೇಲೆ ತೋಕ್ಯೋದವರಿಗೆ ಈ ಊರು ಹತ್ತಿರವಾಯಿತು. ಅಂದರೆ ಕಾದಂಬರಿಯ ಮೊದಲ ವಾಕ್ಯದಲ್ಲೇ ಬರುವ ಆ ಸುರಂಗ, ಬರೆಯುವ ಹೊತ್ತಿಗೆ ಕೇವಲ ಮೂರು ನಾಲ್ಕು ವರ್ಷ ಹಳೆಯದು. 1935ರಲ್ಲಿ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ಅಚ್ಚಾಗತೊಡಗಿದ ಬರಹಗಳು 1937ರಲ್ಲಿ ಪುಸ್ತಕವಾದವು. ಮತ್ತೆ ತಿದ್ದಿ, ಸೇರಿಸಿ, ಈಗ ನಾವು ಓದುವ ರೂಪ ಬಂದದ್ದು 1948ರಲ್ಲಿ. ಇಷ್ಟು ಸಣ್ಣ ಪುಸ್ತಕಕ್ಕೆ ಹದಿಮೂರು ವರ್ಷ. 1968ರಲ್ಲಿ ಕವಾಬಾತ ನೊಬೆಲ್ ಪಡೆದ ಮೊದಲ ಜಪಾನಿ ಲೇಖಕರಾದಾಗ ಮುಖ್ಯವಾಗಿ ಹೆಸರಿಸಲಾದ ಕೃತಿಗಳಲ್ಲಿ ಇದೂ ಒಂದು.

ಇದರ ಸೊಬಗು ನನ್ನ ಕಣ್ಣಿಗೆ ಬೀಳಲಿಲ್ಲವೆಂದು ಯಾರೂ ತಿಳಿಯಬಾರದು. ರೈಲಿನ ಕಿಟಕಿಯ ಪ್ರಸಂಗವನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಹೊರಗೆ ಮುಸ್ಸಂಜೆ, ಒಳಗೆ ದೀಪ. ಹೀಗಾಗಿ ಕಿಟಕಿಯ ಗಾಜು ಅರೆಗನ್ನಡಿಯಾಗಿದೆ. ಎದುರು ಸಾಲಿನಲ್ಲಿ ಕೂತು ಕಾಯಿಲೆಯವನೊಬ್ಬನ ಆರೈಕೆ ಮಾಡುತ್ತಿರುವ ಯೋಕೊಳ ಮುಖ ಗಾಜಿನಲ್ಲಿ ತೇಲುತ್ತಿದೆ, ಆ ಮುಖದ ಹಿಂದೆ, ಮುಖದ ಮೂಲಕವೇ, ಕತ್ತಲಾಗುತ್ತಿರುವ ಬೆಟ್ಟಗುಡ್ಡಗಳು ಹರಿಯುತ್ತಿವೆ. ದೂರದ ಬೆಟ್ಟದಲ್ಲಿ ಹೊತ್ತಿದ ದೀಪವೊಂದು ಸರಿಯುತ್ತಾ ಬಂದು ಸರಿಯಾಗಿ ಅವಳ ಕಣ್ಣಿನ ಪಾಪೆಯ ಮೇಲೆ ನಿಲ್ಲುತ್ತದೆ. ಒಂದು ಗಳಿಗೆ ಕಣ್ಣೂ ದೀಪವೂ ಒಂದೇ. ಇಷ್ಟು ನಿಖರವಾಗಿ ನೋಡಬಲ್ಲ ಲೇಖಕರು ಎಷ್ಟು ಮಂದಿ ಇದ್ದಾರೆ? ನಾನು ಮೆಚ್ಚಿದೆ, ಬೆರಗಾದೆ. ಆದರೆ ಕುಶಲಿಯೊಬ್ಬನ ಕೆತ್ತನೆಯನ್ನು ಕಂಡಾಗ ಆಗುವ ಬೆರಗು ಅದು. ಒಡನೆಯೇ ನನ್ನ ಗಮನ ಆ ಹುಡುಗಿ ಹೊದಿಸುತ್ತಿದ್ದ ಹೊದಿಕೆಯ ಕಡೆಗೆ, ಆ ಕಾಯಿಲೆಯವನ ಕಡೆಗೆ ಹೋಯಿತು. ಕಾದಂಬರಿಯ ಗಮನ ಮಾತ್ರ ಗಾಜಿನ ಮೇಲೆಯೇ ಇತ್ತು.

ನಮ್ಮ ಕಾವ್ಯಮೀಮಾಂಸೆಯನ್ನು ಅಷ್ಟಿಷ್ಟು ಓದಿದವನಿಗೆ ಇಂಥ ಹೊತ್ತಿನಲ್ಲಿ ಮೊದಲು ಹುಟ್ಟುವುದು ತನ್ನ ಮೇಲಿನ ಅನುಮಾನ. ರಸ ಒದಗಬೇಕಾದರೆ ಓದುಗ ಸಹೃದಯನಾಗಿರಬೇಕು, ಕವಿಯ ಹೃದಯಕ್ಕೆ ಸಮನಾದ ಹೃದಯ ಅವನಿಗೆ ಇರಬೇಕು ಎನ್ನುತ್ತಾರೆ. ಹಾಗಾದರೆ ಕೊರತೆ ನನ್ನದೇ ಇರಬೇಕು. ಆದರೆ ಕಾಶ್ಮೀರದ ಮೀಮಾಂಸಕ ಅಭಿನವಗುಪ್ತ ಅಲ್ಲಿಗೆ ನಿಲ್ಲಿಸುವುದಿಲ್ಲ ಎಂಬುದೇ ನನಗೆ ಸಮಾಧಾನದ ವಿಷಯ. ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನ ‘ಅಭಿನವಭಾರತಿ’ಯಲ್ಲಿ ಅವನು ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಾನೆ. ಕೆಲವು ಕೃತಿಯಲ್ಲಿ ಇರುವಂಥವು, ಕೆಲವು ಓದುಗನಲ್ಲಿ ಇರುವಂಥವು. ರಸ ಬರಲಿಲ್ಲ ಎಂದರೆ ಯಾವುದೋ ವಿಘ್ನ ನಡುವೆ ನಿಂತಿದೆ, ಅದು ಯಾವುದೆಂದು ಹುಡುಕು ಎಂಬ ಧೈರ್ಯ ಆ ಪಟ್ಟಿಯಲ್ಲಿದೆ. ಮೂರನೆಯ ಓದಿನ ಹೊತ್ತಿಗೆ ನಾನು ಮಾಡಿದ್ದು ಆ ಕೆಲಸವನ್ನೇ.

ಮೊದಲು ಅನುಮಾನ ಬಂದದ್ದು ಅನುವಾದದ ಮೇಲೆ. ಪ್ರತೀತ್ಯುಪಾಯವೈಕಲ್ಯ, ಅಂದರೆ ತಿಳಿಯುವ ಸಾಧನದಲ್ಲೇ ಇರುವ ಕುಂದು, ಏಳರಲ್ಲಿ ಒಂದು. ನನಗೆ ಜಪಾನಿ ಬಾರದು. ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿತು, ಅದರಲ್ಲೇ ಅನ್ನ ದುಡಿಯುವ ಗೆಳತಿಯೊಬ್ಬರನ್ನು ಕೂರಿಸಿಕೊಂಡು ಮೊದಲ ವಾಕ್ಯವನ್ನು ಪದಪದವಾಗಿ ಬಿಡಿಸಿ ಹೇಳಿಸಿಕೊಂಡೆ. ಇಂಗ್ಲಿಷಿನಲ್ಲಿ ರೈಲು ಎಂಬುದೇ ವಾಕ್ಯದ ಕರ್ತೃ. ರೈಲು ಉದ್ದನೆಯ ಸುರಂಗದಿಂದ ಹೊರಗೆ ಬರುತ್ತದೆ. ಮೂಲದ ಆ ವಾಕ್ಯದಲ್ಲಿ ರೈಲಿಲ್ಲ, ಕರ್ತೃವೇ ಇಲ್ಲ. ಗಡಿಯ ಉದ್ದನೆಯ ಸುರಂಗ ದಾಟಿದರೆ ಹಿಮನಾಡು. ಇರುಳಿನ ತಳ ಬೆಳ್ಳಗಾಯಿತು. ಗೆಳತಿ ಒಂದೊಂದು ಪದಕ್ಕೂ ಅರ್ಥ ಹೇಳುತ್ತಾ ಹೋದ ಹಾಗೆ ಕನ್ನಡ ವಾಕ್ಯ ತಾನಾಗಿಯೇ ಅದೇ ಸಾಲಿನಲ್ಲಿ ಕೂತಿತು: ‘ಗಡಿಯ’ ಮೊದಲು, ‘ಸುರಂಗ’ ನಡುವೆ, ‘ದಾಟಿದರೆ’ ಆಮೇಲೆ, ಕ್ರಿಯಾಪದ ಕೊನೆಗೆ. ದಾಟಿದ್ದು ಯಾರು ಎಂದು ಕನ್ನಡವೂ ಹೇಳಬೇಕಾಗಿಲ್ಲ. ದಾಟಿದವನು ಶಿಮಾಮುರನೂ ಆಗಬಹುದು, ಓದುವ ನಾನೂ ಆಗಬಹುದು. ಇಂಗ್ಲಿಷಿನವರು ಹೊರಗೆ ನಿಂತು ರೈಲನ್ನು ನೋಡುತ್ತಾರೆ, ಜಪಾನಿನವರೂ ಕನ್ನಡದವರೂ ರೈಲಿನ ಒಳಗೇ ಕೂತಿರುತ್ತಾರೆ. ಆ ಸಂಜೆ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬೀಗದ ಕೈ ಸಿಕ್ಕಿತು ಎಂದುಕೊಂಡೆ.

ಇನ್ನೊಂದು ಕಡೆಯನ್ನೂ ನಾವು ಹಾಗೆಯೇ ಬಿಡಿಸಿದೆವು. ಶಿಮಾಮುರ ಕೊಮಾಕೊಳಿಗೆ ಮೊದಲು ‘ಒಳ್ಳೆಯ ಹುಡುಗಿ’ ಎನ್ನುತ್ತಾನೆ, ಸ್ವಲ್ಪ ಹೊತ್ತಿನಲ್ಲೇ ‘ಒಳ್ಳೆಯ ಹೆಂಗಸು’ ಎನ್ನುತ್ತಾನೆ. ಒಂದು ಪದ ಬದಲಾದದ್ದರಿಂದ ಅವಳು ಚೇಳು ಕುಟುಕಿದಂತೆ ಬೆಚ್ಚಿ, ತನ್ನನ್ನು ಅಪಹಾಸ್ಯ ಮಾಡಿದನೆಂದು ನೊಂದು ಅಳುತ್ತಾಳೆ. ಕನ್ನಡದಲ್ಲಿ ಈ ಎರಡು ಮಾತನ್ನು ಗಟ್ಟಿಯಾಗಿ ಹೇಳಿಕೊಂಡರೆ ಸಾಕು, ಅವಳು ಯಾಕೆ ಅತ್ತಳೆಂದು ವಿವರಿಸುವ ಅಗತ್ಯವೇ ಇಲ್ಲ. ಹೀಗೆ ಅನುವಾದದ ಪರದೆ ಸರಿಯಿತು. ಆದರೆ ಪರದೆ ಸರಿದ ಮೇಲೆ ನನಗೆ ಹತ್ತಿರವಾದವಳು ಕೊಮಾಕೊ. ಕಾದಂಬರಿ ಮೊದಲಿದ್ದಷ್ಟೇ ದೂರ ಉಳಿಯಿತು. ಹಾಗಾದರೆ ವಿಘ್ನ ಭಾಷೆಯದ್ದಾಗಿರಲಿಲ್ಲ.

ಜಪಾನಿನ ಸೌಂದರ್ಯಪ್ರಜ್ಞೆಯೇ ಬೇರೆ, ಅದಕ್ಕೆ ಮನಸ್ಸನ್ನು ಹದ ಮಾಡಿಕೊಳ್ಳಬೇಕು ಎಂದು ಕೆಲವರು ಹೇಳಿದರು. ನೊಬೆಲ್ ಪಡೆದಾಗ ಸ್ಟಾಕ್‌ಹೋಮಿನಲ್ಲಿ ಕವಾಬಾತ ಮಾಡಿದ ಭಾಷಣವನ್ನೂ ಓದಿದೆ. ವಸಂತಕ್ಕೆ ಹೂವು, ಬೇಸಿಗೆಗೆ ಕೋಗಿಲೆ, ಶರತ್ತಿಗೆ ಚಂದ್ರ, ಚಳಿಗಾಲಕ್ಕೆ ಹಿಮ ಎನ್ನುವ ಝೆನ್ ಗುರು ದೋಗೆನ್‌ನ ಹಳೆಯ ಪದ್ಯದಿಂದ ಅದು ಶುರುವಾಗುತ್ತದೆ. ಅದು ನನಗೆ ಕಷ್ಟವಾಗಲಿಲ್ಲ. ಋತುವರ್ಣನೆಗೆ ಮಹಾಕಾವ್ಯದಲ್ಲಿ ಜಾಗ ಕಾದಿರಿಸಿದ ಪರಂಪರೆಯವರು ನಾವು, ನಮಗೆ ಅದೇನು ಪರಕೀಯವೇ? ಹಾಗಾಗಿ ಇದರ ಮೇಲೂ ಹೊರೆ ಹೊರಿಸಲಾರೆ.

ನನ್ನ ವಿಘ್ನ ಒಂದು ನೋಟ್‌ಪುಸ್ತಕದಲ್ಲಿತ್ತು.

ಕಾದಂಬರಿಯ ಮೊದಲ ಭಾಗದಲ್ಲೇ ಆ ಪ್ರಸಂಗ ಬರುತ್ತದೆ. ಕೊಮಾಕೊ ಹದಿನೈದು ಹದಿನಾರರ ವಯಸ್ಸಿನಿಂದ ತಾನು ಓದಿದ ಕಥೆ ಕಾದಂಬರಿಗಳ ಬಗ್ಗೆ ಬರೆದಿಟ್ಟುಕೊಂಡು ಬಂದಿದ್ದಾಳೆ, ಈಗ ಅಂಥ ಹತ್ತು ನೋಟ್‌ಪುಸ್ತಕಗಳಾಗಿವೆ. ವಿಮರ್ಶೆ ಬರೆಯುತ್ತೀಯಾ ಎಂದು ಶಿಮಾಮುರ ಕೇಳುತ್ತಾನೆ. ಅದೆಲ್ಲ ನನಗೆ ಬರುವುದಿಲ್ಲ, ಬರೆದವರ ಹೆಸರು, ಪಾತ್ರಗಳ ಹೆಸರು, ಅವರವರ ಸಂಬಂಧ, ಇಷ್ಟನ್ನೇ ಬರೆಯುತ್ತೇನೆ ಎನ್ನುತ್ತಾಳೆ. ಅದರಿಂದ ಏನು ಪ್ರಯೋಜನ? ಏನೂ ಇಲ್ಲ. ಹಾಗಾದರೆ ವ್ಯರ್ಥಶ್ರಮ ಎನ್ನುತ್ತಾನೆ ಅವನು. ಹೌದು, ಪೂರ್ತಿ ವ್ಯರ್ಥ ಎಂದು ಅವಳು ಗೆಲುವಾಗಿಯೇ ಒಪ್ಪುತ್ತಾಳೆ. ಈ ‘ವ್ಯರ್ಥಶ್ರಮ’ ಎಂಬ ಮಾತು ಕಾದಂಬರಿಯ ಉದ್ದಕ್ಕೂ ತಿರುತಿರುಗಿ ಬರುತ್ತದೆ. ಅವಳ ದಿನಚರಿ ವ್ಯರ್ಥ, ಯಾರದೋ ಔಷಧದ ಖರ್ಚಿಗೆಂದು ಅವಳು ಗೇಯ್ಶಾ ಆದಳೆಂಬ ಮಾತು ನಿಜವಾದರೆ ಅದೂ ವ್ಯರ್ಥ, ಅವನ ಮೇಲಿನ ಪ್ರೀತಿಯೂ ವ್ಯರ್ಥ. ಅವಳ ಪಾಲಿಗೆ ಅದು ವ್ಯರ್ಥವಲ್ಲವೆಂದು ಶಿಮಾಮುರನಿಗೆ ಒಳಗೇ ಗೊತ್ತಿದೆ. ಗೊತ್ತಿದ್ದೂ, ವ್ಯರ್ಥವೆಂದು ತೀರ್ಮಾನಿಸಿಬಿಟ್ಟರೆ ಅವಳ ಬಾಳು ಇನ್ನಷ್ಟು ಶುದ್ಧವಾಗಿ ಕಾಣುತ್ತದೆ ಎಂದು ಅವನಿಗೆ ಅನ್ನಿಸುತ್ತದೆ.

ಈ ಪುಟಕ್ಕೆ ಬಂದಾಗಲೆಲ್ಲ ನನಗೆ ನನ್ನ ಸೋದರತ್ತೆ ನೆನಪಾಗುತ್ತಾಳೆ. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಮರಳಿ ಬಂದವಳು ಅವಳು. ಮಧ್ಯಾಹ್ನದ ಊಟದ ಪಾತ್ರೆ ತೊಳೆದು, ಒಲೆ ಸಾರಿಸಿ, ಹಿತ್ತಲ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತರೆ ಸಂಜೆ ಹಾಲು ಕರೆಯುವ ಹೊತ್ತಿನ ತನಕ ಕಾದಂಬರಿ ಓದುತ್ತಿದ್ದಳು. ತ್ರಿವೇಣಿ, ಎಂ.ಕೆ. ಇಂದಿರಾ, ಕೈಗೆ ಸಿಕ್ಕಿದ ಪತ್ರಿಕೆಯ ಧಾರಾವಾಹಿ, ಎಲ್ಲವೂ. ಓದಿ ಮುಗಿದ ದಿನ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು ಬರೆಯುತ್ತಿದ್ದಳು. ಮೇಲೆ ಕಾದಂಬರಿಯ ಹೆಸರು, ಅದರ ಕೆಳಗೆ ಬರೆದವರು, ಆಮೇಲೆ ಒಂದರ ಕೆಳಗೊಂದು ಪಾತ್ರಗಳು: ಇಂಥವಳು ಇಂಥವನ ಹೆಂಡತಿ, ಇಂಥವನು ಅವಳ ಮೈದುನ, ಇವರಿಬ್ಬರು ವಾರಗಿತ್ತಿಯರು. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂಬ ಒಂದು ಮಾತೂ ಇಲ್ಲ. ಕಾಗದ ಹಾಳಾಗಬಾರದೆಂದು ಎರಡು ಗೆರೆಗಳ ನಡುವೆ ಎರಡು ಸಾಲು ಬರೆಯುತ್ತಿದ್ದ ಸಾಸಿವೆಯಂಥ ಅಕ್ಷರ. ಕೊಮಾಕೊ ಅಗ್ಗದ ನೋಟ್‌ಪುಸ್ತಕಕ್ಕೆ ತಾನೇ ಒತ್ತೊತ್ತಾಗಿ ಗೆರೆ ಹಾಕಿಕೊಂಡು ದಿನಚರಿ ಬರೆಯುತ್ತಿದ್ದಳೆಂಬ ವಿವರವನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಅಕ್ಷರಗಳೇ.

ಕಾಲೇಜು ಸೇರಿದ ಹೊಸದರಲ್ಲಿ ರಜೆಗೆ ಊರಿಗೆ ಹೋದಾಗ ನಾನು ಅವಳನ್ನು ಕೇಳಿದ್ದೆ. “ಇದೆಲ್ಲ ಯಾಕೆ ಬರೆದಿಡ್ತೀಯ ಅತ್ತೆ? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.” ಅವಳು ಬರೆಯುವುದನ್ನು ನಿಲ್ಲಿಸದೆಯೇ, “ಏನಿಲ್ಲ ಮಾರಾಯ, ಇಷ್ಟು ದಿನ ಜೊತೆಗಿದ್ದ ಜನ, ಮರೆತುಹೋಗ್ತದೆ ಅಂತ ಬರೆದಿಡ್ತೇನೆ ಅಷ್ಟೆ” ಎಂದಳು. ಅವಳು ತೀರಿಕೊಂಡ ಮೇಲೆ ಆ ಲೆಕ್ಕದ ಪುಸ್ತಕಗಳು ಒಂದೊಂದಾಗಿ ಬಚ್ಚಲ ಒಲೆ ಸೇರಿದವು. ಒಂದು ಮಾತ್ರ ಹೇಗೋ ಉಳಿದು ನನ್ನ ಬಳಿ ಇದೆ.

ಅಭಿನವಗುಪ್ತನ ಪಟ್ಟಿಯಲ್ಲಿ ನಿಜಸುಖಾದಿವಿವಶೀಭಾವ ಎಂಬುದೂ ಒಂದು ವಿಘ್ನ. ತನ್ನದೇ ಸುಖದುಃಖಗಳಿಗೆ ಮನಸೋತವನು ಕಾವ್ಯದ ಕಡೆಗೆ ಪೂರ್ತಿ ತಿರುಗಲಾರ. ನನ್ನ ಮಟ್ಟಿಗೆ ಇದು ಅಕ್ಷರಶಃ ಸತ್ಯ. ಶಿಮಾಮುರ ‘ವ್ಯರ್ಥಶ್ರಮ’ ಎಂದಾಗ ಆ ದನಿ ನನಗೆ ಪರಿಚಿತವಾದದ್ದು, ಅದು ಹದಿನೆಂಟರ ವಯಸ್ಸಿನ ನನ್ನದೇ ದನಿ. ಕವಾಬಾತ ಓದುಗನನ್ನು ಶಿಮಾಮುರನ ಕಣ್ಣ ಹಿಂದೆ ಕೂರಿಸುತ್ತಾರೆ. ಅಲ್ಲಿಂದ ನೋಡಿದರೆ ಮಾತ್ರ ಹಿಮ ಹಿಮದಂತೆ ಹೊಳೆಯುತ್ತದೆ, ಕೊಮಾಕೊಳ ಕೆನ್ನೆಯ ಕೆಂಪು ಕನ್ನಡಿಯ ಹಿಮದೊಳಗೆ ಉರಿಯುತ್ತದೆ. ಆ ಜಾಗದಲ್ಲಿ ಕೂರಲು ನನ್ನಿಂದ ಸಾಧ್ಯವಾಗಲಿಲ್ಲ. ಒಮ್ಮೆ ಅಲ್ಲಿ ಕೂತು ನೋಡಿ ಎದ್ದು ಬಂದವನು ನಾನು.

ಇದಕ್ಕೆ ಬಲ್ಲವರು ಕೊಡುವ ಉತ್ತರವೂ ನನಗೆ ಗೊತ್ತು. ಶಿಮಾಮುರನ ತಣ್ಣನೆಯ ಮನಸ್ಸನ್ನು ಕವಾಬಾತ ಮೆಚ್ಚಿಕೊಂಡಿಲ್ಲ, ಅದನ್ನೇ ಬಯಲಿಗಿಟ್ಟಿದ್ದಾರೆ. ನೋಡದ ನೃತ್ಯದ ಬಗ್ಗೆ ಬರೆಯುವವನ ದುಡಿಮೆಯೇ ನಿಜವಾದ ವ್ಯರ್ಥಶ್ರಮ ಎಂಬುದು ಪುಸ್ತಕಕ್ಕೆ ಗೊತ್ತಿದೆ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುತ್ತೇನೆ. ಕೊಮಾಕೊ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ ನುಡಿಸುವ ಪ್ರಸಂಗದಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಬೆಟ್ಟಗಳನ್ನೇ ಕೇಳುಗರನ್ನಾಗಿ ಮಾಡಿಕೊಂಡು, ಸ್ವರಲಿಪಿಯ ಪುಸ್ತಕ ನೋಡಿ ಒಬ್ಬಳೇ ಸಾಧನೆ ಮಾಡಿದ ಆ ಹುಡುಗಿ, ಹಿಮ ಬಿದ್ದ ಮಾರನೆಯ ದಿನದ ತಿಳಿಗಾಳಿಯಲ್ಲಿ ‘ಕಂಜಿಂಚೊ’ ಎಂಬ ಕೃತಿಯನ್ನು ನುಡಿಸಲು ತೊಡಗಿದಾಗ ಶಿಮಾಮುರನ ಕೆನ್ನೆ ನವಿರೇಳುತ್ತದೆ, ಅವನು ಸೋತುಹೋಗುತ್ತಾನೆ. ನನ್ನ ಮೈಯೂ ಅಲ್ಲಿ ಜುಮ್ಮೆಂದದ್ದುಂಟು. ಇಡೀ ಪುಸ್ತಕದಲ್ಲಿ ಆ ಒಂದು ಕಡೆ. ಆದರೆ ಬುದ್ಧಿ ಒಪ್ಪಿದ್ದಕ್ಕೆಲ್ಲ ಹೃದಯ ಓಗೊಡುವುದಿಲ್ಲ. ಮುಂದಿನ ಪುಟದಲ್ಲಿ ಅವನು ಮತ್ತೆ ನೋಡುವವನಾಗುತ್ತಾನೆ, ಅವಳು ಮತ್ತೆ ನೋಟವಾಗುತ್ತಾಳೆ.

ಮೂರನೆಯ ಓದಿನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಚಿಜಿಮಿ ಬಟ್ಟೆಯ ಭಾಗದಲ್ಲಿ. ಹಿಮನಾಡಿನ ಹುಡುಗಿಯರು ಹಿಮ ಮುಚ್ಚಿದ ತಿಂಗಳುಗಳಲ್ಲಿ ಮನೆಯೊಳಗೆ ಕೂತು ನಾರಿನ ನೂಲು ತೆಗೆದು ನೇಯ್ದು, ಹಿಮದ ನೀರಲ್ಲಿ ತೊಳೆದು, ಹಿಮದ ಮೇಲೆಯೇ ಹರವಿ ಬಿಳಿಚಿಸುವ ಬಟ್ಟೆ ಅದು. ಈ ಪದ್ಧತಿಯ ವಿವರಗಳನ್ನು ಕವಾಬಾತ ಆ ಸೀಮೆಯವನೇ ಆದ ಸುಝುಕಿ ಬೊಕುಶಿ ನೂರು ವರ್ಷ ಹಿಂದೆ ಬರೆದ ಗ್ರಂಥದಿಂದ ತೆಗೆದುಕೊಂಡರು. ಶಿಮಾಮುರ ತನ್ನ ಹಳೆಯ ಚಿಜಿಮಿ ಉಡುಪುಗಳನ್ನು ವರ್ಷವರ್ಷವೂ ಹಿಮದಲ್ಲಿ ಬಿಳಿಚಿಸಲು ಆ ಊರಿಗೇ ಕಳಿಸುತ್ತಾನೆ. ಜೋಪಾನ ಮಾಡಿದರೆ ಆ ಬಟ್ಟೆ ಐವತ್ತು ವರ್ಷ ಬಾಳುತ್ತದೆ, ಮನುಷ್ಯರ ನಂಟು ಅಷ್ಟು ಕಾಲವೂ ಬಾಳುವುದಿಲ್ಲ ಎಂದು ಯೋಚಿಸುತ್ತಾನೆ. ಎಂಥ ಚೆಲುವಾದ ಯೋಚನೆ! ಆದರೆ ನನಗೆ ಆ ನೇಯ್ಗೆಯವರ ಬೆರಳುಗಳನ್ನು ಬಿಟ್ಟು ಯೋಚನೆಯ ಹಿಂದೆ ಹೋಗಲು ಮನಸ್ಸು ಬರಲಿಲ್ಲ. ಕಾದಂಬರಿ ಮಾತ್ರ ಹೋಗುತ್ತದೆ.

ಕೊನೆಯ ಪ್ರಸಂಗದಲ್ಲೂ ಹೀಗೆಯೇ. ಸಿನಿಮಾ ತೋರಿಸುತ್ತಿದ್ದ ರೇಷ್ಮೆಗೂಡಿನ ಉಗ್ರಾಣಕ್ಕೆ ಬೆಂಕಿ ಬೀಳುತ್ತದೆ, ಯೋಕೊಳ ದೇಹ ಮೇಲಿನಿಂದ ಬೀಳುತ್ತದೆ, ಕೊಮಾಕೊ ಗೇಯ್ಶಾಳ ಉದ್ದನೆಯ ನಿಲುವಂಗಿಯನ್ನು ಎಳೆದುಕೊಂಡೇ ಓಡಿ ಅವಳನ್ನು ಎತ್ತಿಕೊಂಡು ಕೂಗುತ್ತಾಳೆ. ಅವಳ ಕಡೆ ಹೆಜ್ಜೆಯಿಡಲು ಹೋದ ಶಿಮಾಮುರನನ್ನು ಜನ ಪಕ್ಕಕ್ಕೆ ತಳ್ಳುತ್ತಾರೆ; ಅವನು ತಲೆಯೆತ್ತಿದರೆ ಆಕಾಶಗಂಗೆ ಭೋರೆಂದು ಅವನೊಳಗೆ ಸುರಿಯುತ್ತದೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಮೇಷ್ಟ್ರ ಪ್ರತಿಯಲ್ಲಿ ಈ ಕೊನೆಯ ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡು ಗೆರೆ ಎಳೆದಿತ್ತು. ಅವರ ಎದೆಗೆ ಆಕಾಶಗಂಗೆ ಇಳಿದದ್ದು ಸುಳ್ಳಲ್ಲ. ನನಗೆ ಮಾತ್ರ ಆ ಹೊತ್ತಿನಲ್ಲಿ ಆಕಾಶ ನೋಡಲು ಆಗಲಿಲ್ಲ. ಯಾವುದು ಮುಖ್ಯವೋ ಅದು ಬದಿಗೆ ಸರಿದರೆ ಅಪ್ರಧಾನತೆ ಎಂಬ ವಿಘ್ನವಾಗುತ್ತದೆ ಎಂದೂ ಅಭಿನವಗುಪ್ತ ಹೇಳುತ್ತಾನೆ. ಯಾವುದು ಮುಖ್ಯ ಎನ್ನುವಲ್ಲಿಯೇ ನನಗೂ ಈ ಪುಸ್ತಕಕ್ಕೂ ದಾರಿ ಬೇರೆಯಾಗಿದೆ, ಇದನ್ನು ಮೇಷ್ಟ್ರ ಎದುರು ಕೂತು ಹೇಳಬೇಕಿತ್ತು. ಅವರು ಈಗಿಲ್ಲ.

ಕಳೆದ ತಿಂಗಳು ಮೂರನೆಯ ಓದು ಮುಗಿದ ರಾತ್ರಿ ಅತ್ತೆಯ ಲೆಕ್ಕದ ಪುಸ್ತಕವನ್ನು ತೆಗೆದೆ. ಕೊನೆಯಲ್ಲಿ ಆರೇಳು ಹಾಳೆ ಖಾಲಿ ಉಳಿದಿವೆ. ಅವಳ ಕ್ರಮದಲ್ಲೇ ಮೇಲೆ ‘ಯುಕಿಗುನಿ’ ಎಂದು, ಅದರ ಕೆಳಗೆ ‘ಯಸುನಾರಿ ಕವಾಬಾತ’ ಎಂದು ಬರೆದೆ. ಪಾತ್ರಗಳಿಗೆ ಬಂದಾಗ ಕೈ ನಿಂತಿತು. ಯುಕಿಯೊ, ಶಾಮಿಸೆನ್ ಕಲಿಸುವ ಹೆಂಗಸಿನ ಮಗ. ಇದು ಸರಿ. ಅವನಿಗೆ ಕೊಮಾಕೊ ಏನಾಗಬೇಕು? ಗೊತ್ತುಮಾಡಿದ ಹುಡುಗಿ ಎಂದು ಊರವರು ಹೇಳುತ್ತಾರೆ, ಅವಳು ಅಲ್ಲವೆನ್ನುತ್ತಾಳೆ. ರೈಲಿನಲ್ಲಿ ಅವನನ್ನು ಮಗುವಿನಂತೆ ನೋಡಿಕೊಂಡು ಬಂದ, ಅವನು ಸತ್ತ ಮೇಲೂ ದಿನಾ ಗೋರಿಯ ಬಳಿಗೆ ಹೋಗುವ ಯೋಕೊ ಅವನಿಗೆ ಏನಾಗಬೇಕು? ಪುಸ್ತಕ ಹೇಳುವುದಿಲ್ಲ. ಅತ್ತೆಯಾಗಿದ್ದರೆ ಇದನ್ನು ಹೇಗೆ ಬರೆಯುತ್ತಿದ್ದಳೋ ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ‘ಕೊಮಾಕೊ’ ಎಂದು ಬರೆದು, ಪಕ್ಕದಲ್ಲಿ ಅಡ್ಡಗೆರೆ ಎಳೆದು, ಮುಂದಿನ ಜಾಗ ಖಾಲಿ ಬಿಟ್ಟೆ. ಶಿಮಾಮುರನ ಹೆಸರನ್ನು ಅವಳ ಕೆಳಗೆ ಬರೆದೆ.